ತಿದ್ದುವವನ ಪಾಲು

(ಸಿಲ್ಲೋಡಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸಿಲ್ಲೋಡಿಗೆ ಬರುವ ದಾರಿಯುದ್ದಕ್ಕೂ ಮೆಣಸಿನಕಾಯಿ, ಗೋವಿನಜೋಳ, ಹತ್ತಿಯ ಹೊಲಗಳನ್ನು ನೋಡುತ್ತ ಬಂದೆ. ಬ್ಯಾಡಗಿ ಸೀಮೆಯಲ್ಲಿ ಹುಟ್ಟಿದ ನನಗೆ ಇದು ಪರಸ್ಥಳ ಅನ್ನಿಸಲೇ ಇಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆ. ಪೈಠಣದಲ್ಲಿ ಹರಿಯುವ ಆ ಗೋದಾವರಿಯನ್ನು ದಾಟಿ, ಇನ್ನಷ್ಟು ಬಡಗಲಿಗೆ ಬಂದು ನಾವು ಈ ಸಂಜೆ ಕನ್ನಡದಲ್ಲಿ ಮಾತಾಡುತ್ತಿದ್ದೇವೆ. ಆ ಸಂತೋಷವನ್ನು ಮೊದಲು ಹೇಳಿ ವಿಷಯಕ್ಕೆ ಬರುತ್ತೇನೆ.

ದತ್ತಿಯ ಆಶಯ ಕ್ರೀಡೆ ಮತ್ತು ಸಮಾಜ. ನಾನು ಆರಿಸಿಕೊಂಡಿರುವುದು ಅದರೊಳಗಿನ ಒಂದು ಸಣ್ಣ, ಆದರೆ ಬಹಳ ಕಷ್ಟದ ಪ್ರಶ್ನೆ. ತಂಡದಲ್ಲಿ ಒಬ್ಬ ಆಟಗಾರ ತಪ್ಪು ಮಾಡಿದಾಗ ಅವನನ್ನು ತಿದ್ದುವ ಹಕ್ಕು ಸಂಗಡಿಗರಿಗೆ ಉಂಟೆ? ಉಂಟಾದರೆ ಆ ಹಕ್ಕು ಎಲ್ಲಿಂದ ಬರುತ್ತದೆ?

ಕೊಯಮತ್ತೂರಿನ ಕೊನೆಯ ದಿನ

ಇಲ್ಲಿಂದ ನೈಋತ್ಯಕ್ಕೆ, ಅಹಿಲ್ಯಾನಗರ ಜಿಲ್ಲೆಯ ಸಂಗಮನೇರ ತಾಲೂಕಿನಲ್ಲಿ ಆಶ್ವಿ ಖುರ್ದ್ ಎಂಬ ಊರಿದೆ. ಕ್ರಿಕೆಟಿಗ ಅಜಿಂಕ್ಯ ರಹಾನೆ 1988ರಲ್ಲಿ ಹುಟ್ಟಿದ್ದು ಅಲ್ಲಿ. 2022ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನಲ್ಲಿ ದುಲೀಪ್ ಟ್ರೋಫಿ ಫೈನಲ್ ನಡೆಯಿತು. ಪಶ್ಚಿಮ ವಲಯಕ್ಕೆ ರಹಾನೆ ನಾಯಕ, ಎದುರಿಗೆ ನಮ್ಮ ದಕ್ಷಿಣ ವಲಯ. ಇಪ್ಪತ್ತರ ಹರೆಯದ ಯಶಸ್ವಿ ಜೈಸ್ವಾಲ್ ಎರಡನೆಯ ಇನಿಂಗ್ಸಿನಲ್ಲಿ 265 ರನ್ ಹೊಡೆದಿದ್ದರು. ದಕ್ಷಿಣಕ್ಕೆ 529 ರನ್ನುಗಳ ಗುರಿ. ಕೊನೆಯ ದಿನದ ಆಟ ಶುರುವಾದಾಗ 154 ರನ್ನಿಗೆ ಆರು ವಿಕೆಟ್ ಬಿದ್ದಿದ್ದವು.

ಕ್ರೀಸಿನಲ್ಲಿ ಹೈದರಾಬಾದಿನ ರವಿ ತೇಜ. ಅವರನ್ನು ಜೈಸ್ವಾಲ್ ಮಾತಿನಿಂದ ಕೆಣಕುತ್ತಲೇ ಇದ್ದರು. ಬ್ಯಾಟರ್ ದೂರು ಹೇಳಿದರು, ಅಂಪೈರುಗಳು ಎಚ್ಚರಿಕೆ ಕೊಟ್ಟರು, ರಹಾನೆಯೂ ಹತ್ತಿರ ಹೋಗಿ ಸಮಾಧಾನ ಹೇಳಿದರು. ಮಾತು ನಿಲ್ಲಲಿಲ್ಲ. 57ನೇ ಓವರಿನಲ್ಲಿ ರಹಾನೆ ಮತ್ತೆ ಜೈಸ್ವಾಲ್ ಬಳಿ ಬಂದು, ಮೈದಾನ ಬಿಟ್ಟು ಹೊರಗೆ ಹೋಗು ಎಂದರು. ಹುಡುಗ ಏನೋ ವಾದಿಸಿದ. ನಾಯಕ ಕದಲಲಿಲ್ಲ. ಪಂದ್ಯವನ್ನು ತನ್ನ ತಂಡದ ಕೈಗೆ ಹಿಡಿಸಿಕೊಟ್ಟ ಆಟಗಾರನೇ ಬೌಂಡರಿಯ ಕಡೆಗೆ ಒಬ್ಬನೇ ನಡೆದು ಹೋದ.

ಆ ದೃಶ್ಯವನ್ನು ನೋಡಿದವರು ಶಿಕ್ಷೆಯನ್ನು ನೆನಪಿಟ್ಟುಕೊಂಡಿದ್ದಾರೆ. ಅದರ ಮುಂದಿನ ಹೊತ್ತನ್ನು ನೆನಪಿಡಬೇಕು ಎಂಬುದು ನನ್ನ ವಿನಂತಿ. ಬದಲಿ ಆಟಗಾರ ಬರಲಿಲ್ಲ. ಏಳೆಂಟು ಓವರ್ ಪಶ್ಚಿಮ ವಲಯ ಹತ್ತೇ ಜನರಿಂದ ಆಡಿತು. ಹನ್ನೊಂದು ಜನ ಕಾಯಬೇಕಾದ ನೆಲವನ್ನು ಹತ್ತು ಜನ ಕಾದರು. 65ನೇ ಓವರಿನಲ್ಲಿ ಜೈಸ್ವಾಲ್ ಮರಳಿ ಬಂದರು. ಪಶ್ಚಿಮ ವಲಯ 294 ರನ್ನಿನಿಂದ ಗೆದ್ದಿತು, ಜೈಸ್ವಾಲ್ ಪಂದ್ಯಶ್ರೇಷ್ಠರಾದರು. ಎದುರಾಳಿಗಳನ್ನೂ ಅಂಪೈರುಗಳನ್ನೂ ಗೌರವಿಸಬೇಕು ಎಂಬುದು ತಮ್ಮ ನಂಬಿಕೆ ಎಂದಷ್ಟೇ ರಹಾನೆ ಆಮೇಲೆ ಹೇಳಿದರು.

ಗೆಲುವು ಅಂಗೈಯಲ್ಲಿದ್ದಾಗ ಇಂಥ ಧೈರ್ಯ ಸುಲಭ, ಹತ್ತೇ ರನ್ನಿನ ಅಂತರವಿದ್ದಿದ್ದರೆ ಹೀಗೆ ಮಾಡುತ್ತಿದ್ದರೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ನಾನು ಅದೇ ಮನುಷ್ಯನ ಇನ್ನೊಂದು ದಿನವನ್ನು ತೋರಿಸುತ್ತೇನೆ. 2020ರ ಡಿಸೆಂಬರ್, ಮೆಲ್ಬರ್ನ್. ಅಡಿಲೇಡಿನಲ್ಲಿ 36 ರನ್ನಿಗೆ ಮುಗ್ಗರಿಸಿದ ಭಾರತ ತಂಡವನ್ನು ನಾಯಕ ಕೊಹ್ಲಿ ಇಲ್ಲದ ಹೊತ್ತಿನಲ್ಲಿ ಹೆಗಲ ಮೇಲೆ ಹೊತ್ತು ರಹಾನೆ 112 ರನ್ ಮಾಡಿದ್ದರು. ಜೊತೆಗಾರ ಜಡೇಜ ಅರ್ಧಶತಕದ ಹೊಸ್ತಿಲಲ್ಲಿ ಒಂದು ರನ್ನಿಗೆ ಕರೆದರು, ನಾಯಕ ರನೌಟ್ ಆದರು. ಹೊರಗೆ ನಡೆಯುವ ಮೊದಲು ರಹಾನೆ ಜಡೇಜರ ಬಳಿಗೆ ಹೋಗಿ ಬೆನ್ನು ತಟ್ಟಿದರು. ತನಗೆ ನಷ್ಟ ತಂದ ತಪ್ಪನ್ನು ಅಲ್ಲೇ ಮರೆತವನು, ಎದುರಾಳಿಗೆ ನೋವು ಕೊಟ್ಟ ತಪ್ಪನ್ನು ಮರೆಯಲಿಲ್ಲ. ಈ ಎರಡು ದಿನಗಳನ್ನು ಕೂಡಿಸಿ ನೋಡಿದಾಗ ನನಗೆ ಕೊಯಮತ್ತೂರಿನ ನಿರ್ಧಾರದ ಮೇಲೆ ನಂಬಿಕೆ ಹುಟ್ಟುತ್ತದೆ.

ಅಂಗಿ ಹಾಕ್ಕೊಂಡು ಕೂಡು

ಈ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಹದಿನೇಳನೆಯ ವಯಸ್ಸಿನಲ್ಲಿ ನಾನು ನಮ್ಮೂರ ಕಬಡ್ಡಿ ತಂಡದಲ್ಲಿದ್ದೆ. ಪಕ್ಕದ ಊರ ಜಾತ್ರೆಯ ಪಂದ್ಯಕ್ಕೆ ಟ್ರ್ಯಾಕ್ಟರಿನಲ್ಲಿ ಹೋಗಿದ್ದೆವು. ಎಂಟನೆಯವನಿಗೆ ಜ್ವರ, ಸರಿಯಾಗಿ ಏಳೇ ಜನ. ಆಟದ ನಡುವೆ ನಮ್ಮ ತಂಡದ ಅತಿ ಚಿಕ್ಕ ಹುಡುಗ ಎದುರಾಳಿ ರೈಡರನ ಕಾಲು ಹಿಡಿದು ಬಿಟ್ಟುಬಿಟ್ಟ. ಸಿಟ್ಟಿನ ಭರದಲ್ಲಿ ನಾನು ಎಲ್ಲರೆದುರು ಅವನ ಕೆನ್ನೆಗೆ ಹೊಡೆದೆ.

ನಮ್ಮ ಕ್ಯಾಪ್ಟನ್ ನನಗಿಂತ ಆರೇಳು ವರ್ಷ ದೊಡ್ಡವನು, ನಾವೆಲ್ಲ ಅಣ್ಣಾ ಎಂದೇ ಕರೆಯುತ್ತಿದ್ದೆವು. ಅವನು ಕೂಗಾಡಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ತಮ್ಮಾ, ಅಂಗಿ ಹಾಕ್ಕೊಂಡು ಹೊರಗ ಕೂಡು" ಎಂದ. "ಅಣ್ಣಾ, ಆರು ಮಂದಿ ಆಗ್ತೀರಿ" ಎಂದೆ. "ಆಗ್ತೀವಿ" ಎಂದ. ಅಷ್ಟೇ ಮಾತು.

ಅಂಗಿಯ ಗುಂಡಿ ಹಾಕಿಕೊಳ್ಳಲು ನನ್ನ ಕೈ ಬರುತ್ತಿರಲಿಲ್ಲ. ಮಣ್ಣು ಮೆತ್ತಿದ ಬನಿಯನ್ನಿನ ಮೇಲೆ ಅಂಗಿ ತೊಟ್ಟು, ಸುಣ್ಣದ ಗೆರೆಯ ಆಚೆ ಕೂತು, ಆರು ಜನ ಏಳು ಜನರ ಜಾಗ ತುಂಬಲು ಒದ್ದಾಡುವುದನ್ನು ನೋಡಿದೆ. ಸೋತೆವು. ಊರಿಗೆ ಬಂದಾಗ ಕಟ್ಟೆಯ ಮೇಲಿನ ಹಿರಿಯರು, "ಹೆಂಗ ಸೋತ್ರಿ?" ಎಂದು ಕೇಳಿದರು. ಅಣ್ಣ, "ನಮ್ಮ ಆಟ ಕಡಿಮಿ ಬಿತ್ತ್ರಿ" ಎಂದು ತಲೆ ತಗ್ಗಿಸಿದ. ನನ್ನ ಹೆಸರು ಅವನ ಬಾಯಿಂದ ಬರಲಿಲ್ಲ. ಮಾರನೆಯ ದಿನ ಬೆಳಗಿನ ಜಾವ ನಮ್ಮ ಮನೆಯ ಕದ ತಟ್ಟಿ, "ಏಳ, ಪ್ರಾಕ್ಟೀಸಿಗೆ ಬಾ" ಎಂದ. ಹೋಗಿ ಮೊದಲು ಆ ಹುಡುಗನ ಕೈ ಹಿಡಿದು ತಪ್ಪಾಯಿತೆಂದೆ.

ನನ್ನನ್ನು ಹೊರಗೆ ಕೂರಿಸಿದವನು ಸೋಲನ್ನು ತಾನು ಹೊತ್ತುಕೊಂಡ. ಕದ ತಟ್ಟಲೂ ತಾನೇ ಬಂದ. ಇಂದು ನಾನು ಹೇಳುವುದೆಲ್ಲ ಈ ಎರಡು ಸಂಗತಿಗಳ ವಿಸ್ತಾರ.

ಹತ್ತು ಸಾವಿರ ರೂಪಾಯಿಯ ಎರಡು ಲೆಕ್ಕ

ಶಿಕ್ಷಿಸಲು ಮಂಡಳಿಗಳಿವೆ, ನಿಯಮಾವಳಿಗಳಿವೆ. 2017ರ ಅಕ್ಟೋಬರಿನಿಂದ ಕ್ರಿಕೆಟಿನ ನಿಯಮ ಪುಸ್ತಕದ 42ನೇ ನಿಯಮವೇ ಆಟಗಾರನನ್ನು ಹೊರಗೆ ಕಳಿಸುವ ಅಧಿಕಾರವನ್ನು ಅಂಪೈರಿಗೆ ಕೊಟ್ಟಿದೆ. ಅತಿ ಗಂಭೀರ ತಪ್ಪಿಗೆ ಪಂದ್ಯ ಮುಗಿಯುವವರೆಗೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದಕ್ಕೆ ಓವರುಗಳ ಮಿತಿ ಇಲ್ಲದ ಪಂದ್ಯದಲ್ಲಿ ಹತ್ತು ಓವರ್ ಹೊರಗಿರಬೇಕು. ಹಾಗಿದ್ದ ಮೇಲೆ ಸಂಗಡಿಗರು ಯಾಕೆ ತಿದ್ದಬೇಕು?

ಪುಸ್ತಕದ ನಿಯಮಕ್ಕೆ ಕಾಣದ ತಪ್ಪುಗಳೇ ತಂಡದಲ್ಲಿ ಹೆಚ್ಚು. ಅಭ್ಯಾಸಕ್ಕೆ ತಡವಾಗಿ ಬರುವವನು, ಕಿರಿಯನನ್ನು ಹೀಯಾಳಿಸುವವನು, ತನ್ನ ಸರಾಸರಿಗಾಗಿ ನಿಧಾನ ಆಡುವವನು ಯಾವ ಅಂಪೈರಿನ ಕೈಗೂ ಸಿಗುವುದಿಲ್ಲ. ಅವರ ಜೊತೆಗೆ ಬಸ್ಸು, ಊಟದ ಮೇಜು, ಡ್ರೆಸಿಂಗ್ ರೂಮು ಹಂಚಿಕೊಂಡವರಿಗೆ ಮಾತ್ರ ಅದು ಗೊತ್ತು.

ಈ ಬಗ್ಗೆ ನಮ್ಮ ಅನಿಲ್ ಕುಂಬ್ಳೆಯವರ ಕಾಲದ ಒಂದು ಪ್ರಸಂಗವನ್ನು ಪ್ಯಾಡಿ ಅಪ್ಟನ್ ಹೇಳಿದ್ದಾರೆ. ಅವರು 2008ರಲ್ಲಿ ಗ್ಯಾರಿ ಕರ್ಸ್ಟನ್ ಜೊತೆ ಭಾರತ ತಂಡದ ಮಾನಸಿಕ ತರಬೇತಿಗೆ ಬಂದವರು. ಅಭ್ಯಾಸಕ್ಕೂ ಸಭೆಗೂ ತಡವಾಗಿ ಬಂದರೆ ಏನು ಮಾಡಬೇಕು ಎಂಬುದನ್ನು ಆಟಗಾರರೇ ತೀರ್ಮಾನಿಸಬೇಕಾಗಿತ್ತು. ಟೆಸ್ಟ್ ತಂಡದ ನಾಯಕ ಕುಂಬ್ಳೆ, ತಡವಾಗಿ ಬಂದವನು ಹತ್ತು ಸಾವಿರ ರೂಪಾಯಿ ದಂಡ ಕೊಡಲಿ ಎಂದರು. ಏಕದಿನ ತಂಡದ ನಾಯಕ ಧೋನಿಯೂ ಅದೇ ಹತ್ತು ಸಾವಿರ ಎಂದರು, ಆದರೆ ಒಬ್ಬ ತಡವಾದರೆ ಎಲ್ಲರೂ ಕೊಡಬೇಕು. ಏಕದಿನ ತಂಡದಲ್ಲಿ ಆಮೇಲೆ ಯಾರೂ ತಡವಾಗಿ ಬರಲಿಲ್ಲ ಎಂದು ಅಪ್ಟನ್ ನೆನೆಯುತ್ತಾರೆ.

ಕುಂಬ್ಳೆಯವರ ಲೆಕ್ಕದಲ್ಲಿ ನ್ಯಾಯವಿದೆ. ಮಾಡಿದವನದೇ ಪಾಪ, ಅವನೇ ತೆರಲಿ. ಧೋನಿಯವರ ಲೆಕ್ಕದಲ್ಲಿ ನಂಟಿದೆ. ನನ್ನ ಸೋಮಾರಿತನಕ್ಕೆ ನೀನು ದುಡ್ಡು ಕೊಡುತ್ತೀ ಎಂದಾದಾಗ ಹಾಸಿಗೆಯಿಂದ ಏಳುವ ನನ್ನ ಮನಸ್ಸೇ ಬೇರೆಯಾಗುತ್ತದೆ. ಆದರೆ ಎಚ್ಚರವೂ ಬೇಕು. ಎಲ್ಲರಿಗೂ ದಂಡ ಎಂಬ ನಿಯಮ ಕೆಟ್ಟ ಕೈಗೆ ಸಿಕ್ಕರೆ ತಪ್ಪು ಮಾಡಿದ ದುರ್ಬಲನ ಮೇಲೆ ಇಡೀ ಗುಂಪು ಮುಗಿಬೀಳುತ್ತದೆ. ಹಾಸ್ಟೆಲುಗಳಲ್ಲಿ ರ್‍ಯಾಗಿಂಗ್ ಕೂಡ ಶಿಸ್ತಿನ ಹೆಸರಿನಲ್ಲೇ ನಡೆಯುತ್ತದೆ ಎಂಬುದನ್ನು ತಂದೆತಾಯಂದಿರು ಬಲ್ಲಿರಿ. ಧೋನಿಯ ನಿಯಮವನ್ನು ಕಾಪಾಡಿದ್ದು ಆ ದಂಡ ನಾಯಕನ ಜೇಬಿನಿಂದಲೂ ಹೋಗುತ್ತಿತ್ತು ಎಂಬ ಒಂದೇ ಮಾತು.

ಪಾಲಿಲ್ಲದ ದಂಡ

ನಾಯಕ ಏನನ್ನೂ ಕಳೆದುಕೊಳ್ಳದೆ ದಂಡಿಸಿದರೆ ಏನಾಗುತ್ತದೆ? 1936ರ ಇಂಗ್ಲೆಂಡ್ ಪ್ರವಾಸ ಇದಕ್ಕೆ ಉತ್ತರ. ವಿಜಯನಗರಂನ ಮಹಾರಾಜಕುಮಾರ, ಎಲ್ಲರೂ ವಿಜ್ಜಿ ಎಂದು ಕರೆಯುವವರು, ಆಟಕ್ಕಿಂತ ಹೆಚ್ಚಾಗಿ ಸಿರಿತನದ ಬಲದಿಂದ ನಾಯಕರಾಗಿದ್ದರು. ಆ ಪ್ರವಾಸದಲ್ಲಿ ಬಹಳ ಚೆನ್ನಾಗಿ ಆಡುತ್ತಿದ್ದವರು ಲಾಲಾ ಅಮರನಾಥ್. ಲಾರ್ಡ್ಸಿನಲ್ಲಿ ಮೈನರ್ ಕೌಂಟೀಸ್ ವಿರುದ್ಧದ ಪಂದ್ಯದಲ್ಲಿ ಅಮರನಾಥ್ ಪ್ಯಾಡ್ ಕಟ್ಟಿಕೊಂಡು ಕಾದರು, ಅವರ ಮುಂದೆಯೇ ಬೇರೆಯವರನ್ನು ಆಡಲು ಕಳಿಸಲಾಯಿತು. ದಿನದ ಆಟ ಮುಗಿಯುವ ಹೊತ್ತಿಗೆ ಅವಕಾಶ ಕೊಟ್ಟರು. ಒಳಗೆ ಬಂದ ಅಮರನಾಥ್ ಸಾಮಾನು ಎಸೆದು ಪಂಜಾಬಿಯಲ್ಲಿ ಬೇಸರ ಕಾರಿಕೊಂಡರು. ಅಷ್ಟಕ್ಕೆ, ಮೊದಲ ಟೆಸ್ಟಿಗೂ ಮುಂಚೆ, ಅವರನ್ನು ಹಡಗು ಹತ್ತಿಸಿ ಊರಿಗೆ ಕಳಿಸಿಬಿಟ್ಟರು.

ಭಾರತ ಸರಣಿ ಸೋತಿತು. ಬಾಂಬೆಯ ಮುಖ್ಯ ನ್ಯಾಯಮೂರ್ತಿ ಸರ್ ಜಾನ್ ಬ್ಯೂಮಾಂಟ್ ಅವರ ಸಮಿತಿ 1937ರಲ್ಲಿ ಅಮರನಾಥ್ ಅವರನ್ನು ದೋಷಮುಕ್ತಗೊಳಿಸಿ, ವಿಜ್ಜಿಯ ನಾಯಕತ್ವವನ್ನು ಟೀಕಿಸಿತು. ಆದರೆ ಅಮರನಾಥ್ ಮುಂದಿನ ಟೆಸ್ಟ್ ಆಡುವಾಗ 1946 ಆಗಿತ್ತು. ಸ್ವತಂತ್ರ ಭಾರತದ ಮೊದಲ ನಾಯಕ ಅವರೇ ಎಂಬುದು ಕಾಲ ಕೊಟ್ಟ ತೀರ್ಪು. ಒಬ್ಬನ ಅಹಂಕಾರಕ್ಕೆ ಪೆಟ್ಟು ಬಿದ್ದದ್ದನ್ನು ತಂಡಕ್ಕೆ ಪೆಟ್ಟು ಬಿತ್ತೆಂದು ಹೇಳುವುದೇ ಇಂಥ ದಂಡದ ಮೂಲ.

ಇನ್ನೊಂದು ಪ್ರಸಂಗ ಇಷ್ಟು ಸರಳವಲ್ಲ. 2008ರ ಆಗಸ್ಟಿನಲ್ಲಿ ಡಾರ್ವಿನ್‌ನಲ್ಲಿ ಬಾಂಗ್ಲಾದೇಶದ ವಿರುದ್ಧದ ಸರಣಿಗೆ ಮೊದಲು ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ತಂಡದ ಸಭೆಗೆ ಬರದೆ ಮೀನು ಹಿಡಿಯಲು ಹೋದರು. ಪಾಂಟಿಂಗ್ ಇಲ್ಲದ ಆ ಸರಣಿಗೆ ನಾಯಕ ಮೈಕೆಲ್ ಕ್ಲಾರ್ಕ್, ಸೈಮಂಡ್ಸ್‌ರ ಆಪ್ತ ಗೆಳೆಯ. ತಂಡದ ಹಿರಿಯರ ಗುಂಪು ಕೂತು ಮಾತಾಡಿ ಸೈಮಂಡ್ಸ್‌ರನ್ನು ಮನೆಗೆ ಕಳಿಸಿತು. ಇಲ್ಲಿ ದ್ವೇಷವಿರಲಿಲ್ಲ, ತಪ್ಪೂ ಮೊದಲ ಸಲದ್ದಾಗಿರಲಿಲ್ಲ. ಕ್ಲಾರ್ಕ್ ಕಳೆದುಕೊಂಡದ್ದೂ ಸಣ್ಣದಲ್ಲ, ಗೆಳೆತನವೇ ಹೋಯಿತು. ಸೈಮಂಡ್ಸ್ ಮುಂದೆ ಹೆಚ್ಚು ಕಾಲ ಆಡಲಿಲ್ಲ. 2022ರ ಮೇ ತಿಂಗಳಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ನಿರ್ಧಾರ ತಪ್ಪೆಂದು ನಾನು ಹೇಳಲಾರೆ. ದಂಡ ಸರಿಯಿದ್ದೂ, ದಂಡಿಸಿದವನಿಗೂ ನೋವಾಗಿದ್ದೂ, ಮರಳುವ ದಾರಿ ಗಟ್ಟಿಯಾಗಿಲ್ಲದಿದ್ದರೆ ಎಲ್ಲರೂ ಬಡವರಾಗುತ್ತಾರೆ ಎಂಬುದನ್ನು ಮಾತ್ರ ಅದು ತೋರಿಸುತ್ತದೆ.

ಮೌನವೂ ತಪ್ಪೇ

ಹಾಗಾದರೆ ಸುಮ್ಮನಿರುವುದೇ ಒಳ್ಳೆಯದಲ್ಲವೆ? ನಮ್ಮಲ್ಲಿ ಬಹಳ ಜನ ಹಿಡಿಯುವ ದಾರಿ ಅದೇ. 2018ರ ಮಾರ್ಚ್ 24ರಂದು ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯಾದ ಆಟಗಾರರು ಮರಳುಕಾಗದದಿಂದ ಚೆಂಡು ಉಜ್ಜಲು ಹೋಗಿ ಸಿಕ್ಕಿಬಿದ್ದರು. ಆ ಯೋಜನೆ ಡ್ರೆಸಿಂಗ್ ರೂಮಿನಲ್ಲೇ ಹುಟ್ಟುತ್ತಿದ್ದಾಗ ನಾಯಕ ಸ್ಟೀವ್ ಸ್ಮಿತ್ ಅದನ್ನು ಕಂಡೂ, ನನಗೆ ಇದೇನೂ ತಿಳಿಯುವುದು ಬೇಡ ಎಂದು ಮುಂದೆ ನಡೆದರು. ಇದನ್ನು ಅವರೇ ಒಪ್ಪಿಕೊಂಡಿದ್ದಾರೆ. ಸ್ಮಿತ್ ಮತ್ತು ವಾರ್ನರ್ ಒಂದು ವರ್ಷ, ಕಿರಿಯ ಬ್ಯಾಂಕ್ರಾಫ್ಟ್ ಒಂಬತ್ತು ತಿಂಗಳು ಹೊರಗುಳಿಯಬೇಕಾಯಿತು. ಹಿರಿಯನೊಬ್ಬ ಅಲ್ಲೇ ನಿಂತು ಬೇಡಪ್ಪಾ ಎಂದಿದ್ದರೆ ಮುಗಿಯುತ್ತಿತ್ತು.

ಈ ಮಾತನ್ನು ಸಿಲ್ಲೋಡಿನಲ್ಲಿ ನಿಂತು ಹೇಳುವಾಗ ನನ್ನ ಮನಸ್ಸು ಇದೇ ಹೆದ್ದಾರಿಯಲ್ಲಿ ಇನ್ನೂ ಮುಂದಕ್ಕೆ, ಅಜಂತೆಯ ಕಡೆಗೆ ಹೋಗುತ್ತದೆ. ನಾವು ಅಲ್ಲಿಗೆ ಚಿತ್ರ ನೋಡಲು ಹೋಗುತ್ತೇವೆ. ಚಿತ್ರಗಳ ಹಿಂದಿರುವ ಪುಟ್ಟ ಕಲ್ಲುಕೋಣೆಗಳ ಮುಂದೆ ಒಂದು ಗಳಿಗೆ ನಿಂತು ನೋಡಿ. ಒಬ್ಬನೋ ಇಬ್ಬರೋ ಮಲಗುವಷ್ಟು ಜಾಗ, ಕಲ್ಲಿನದೇ ಹಾಸಿಗೆ. ಹೊರಗೆ ವಾಘೂರ ಹೊಳೆಯ ಕಣಿವೆ. ಆ ವಿಹಾರಗಳಲ್ಲಿ ಬಾಳಿದ ಭಿಕ್ಷುಗಳೂ ಒಂದು ತಂಡವೇ. ಮಳೆಗಾಲದ ಮೂರು ತಿಂಗಳು ಊರೂರು ಅಲೆಯದೆ ಒಂದೇ ಕಡೆ ಒಟ್ಟಿಗೆ ಇರಬೇಕೆಂಬುದು ಅವರ ನಿಯಮ. ಮೂರು ತಿಂಗಳು ಒಂದೇ ಸೂರಿನಡಿ ಇದ್ದವರ ನಡುವೆ ಮುನಿಸು ಬಾರದಿರುತ್ತದೆಯೆ?

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಕೋಸಲದ ಕೆಲವು ಭಿಕ್ಷುಗಳು ಜಗಳವೇ ಬಾರದಿರಲಿ ಎಂದು ಮಳೆಗಾಲವಿಡೀ ಮಾತು ಬಿಟ್ಟು ಕಳೆದರು. ಬಂದು ಹೆಮ್ಮೆಯಿಂದ ಬುದ್ಧನಿಗೆ ತಿಳಿಸಿದರು. ಬುದ್ಧ ಮೆಚ್ಚಲಿಲ್ಲ. ಇದು ಕುರಿಮಂದೆಯ ಸಹವಾಸವಾಯಿತು ಎಂಬ ಅರ್ಥದಲ್ಲಿ ಗದರಿಸಿ, ಮಳೆಗಾಲದ ಕೊನೆಯಲ್ಲಿ ಪವಾರಣೆ ಎಂಬ ಆಚರಣೆಯನ್ನು ವಿಧಿಸಿದ. ಆ ದಿನ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕೈಮುಗಿದು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಸಂಶಯ ಬಂದಿದ್ದರೆ ಕರುಣೆಯಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ತಾನಾಗಿ ಕೇಳಬೇಕು. ಹೇಳುವವನಿಗೂ ಕಟ್ಟುಪಾಡುಗಳಿವೆ: ತಕ್ಕ ಹೊತ್ತಿನಲ್ಲಿ ಹೇಳಬೇಕು, ನಿಜವನ್ನೇ ಹೇಳಬೇಕು, ಮೆದುವಾಗಿ, ಅವನ ಒಳಿತಿಗಾಗಿ, ಪ್ರೀತಿಯಿಂದ ಹೇಳಬೇಕು. ಈ ಐದರಲ್ಲಿ ಒಂದು ತಪ್ಪಿದರೂ ತಿದ್ದುವುದು ಚುಚ್ಚುವುದಾಗುತ್ತದೆ.

ಮರಳುವ ದಾರಿ

2019ರ ಜನವರಿಯಲ್ಲಿ ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಟೀವಿ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡರು, ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಬಂದ ಮಾತುಗಳು ನಾಡಿಗೇ ನೋವುಂಟುಮಾಡಿದವು. ಮಂಡಳಿ ಇಬ್ಬರನ್ನೂ ಅಮಾನತುಗೊಳಿಸಿ ಆಸ್ಟ್ರೇಲಿಯಾದಿಂದ ವಾಪಸು ಕರೆಸಿತು. ನಾಯಕ ಕೊಹ್ಲಿ ಸಿಡ್ನಿಯಲ್ಲಿ, ಇಂಥ ಮಾತುಗಳನ್ನು ತಂಡ ಬೆಂಬಲಿಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಸಂಗಡಿಗರು ಹಾಗೆ ಹೇಳಲೇಬೇಕಿತ್ತು. ಮುಂದೆ ತಲಾ 20 ಲಕ್ಷ ರೂಪಾಯಿ ದಂಡವೂ ಬಿತ್ತು. ಅದರಲ್ಲಿ ಅರ್ಧ, ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಗಳ ಹತ್ತು ಪೇದೆಗಳ ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್ಟಿಗೆ.

ಜನವರಿ 24ರಂದು ಅಮಾನತು ತೆರವಾದ ಮೇಲೆ ರಾಹುಲ್ ಭಾರತ ಎ ತಂಡಕ್ಕೆ ಬಂದರು. ಅಲ್ಲಿ ತರಬೇತುದಾರ ರಾಹುಲ್ ದ್ರಾವಿಡ್, ಅದೇ ಕರ್ನಾಟಕ ತಂಡದ ಹಿರಿಯಣ್ಣ. ಕ್ಯಾಮೆರಾಗಳ ಗದ್ದಲವಿಲ್ಲದ ಮೈದಾನಗಳಲ್ಲಿ ದ್ರಾವಿಡರ ಜೊತೆ ಕೂತು ಬ್ಯಾಟಿಂಗಿನ ಸಣ್ಣಸಣ್ಣ ದೋಷಗಳನ್ನು ತಿದ್ದಿಕೊಂಡರು. ವಯನಾಡಿನಲ್ಲಿ 89, ಮೈಸೂರಿನಲ್ಲಿ 81. ಆ ದಿನಗಳು ತನಗೆ ವಿನಯ ಕಲಿಸಿದವು, ದ್ರಾವಿಡರ ಒಡನಾಟ ಬಹಳ ನೆರವಾಯಿತು ಎಂದು ಅವರೇ ಆಮೇಲೆ ಹೇಳಿಕೊಂಡರು. ದಂಡ ಕೊಟ್ಟದ್ದು ಮಂಡಳಿ, ಕದ ತಟ್ಟಿ ಪ್ರಾಕ್ಟೀಸಿಗೆ ಬಾ ಎಂದದ್ದು ದ್ರಾವಿಡ್.

ಮರಳುವ ದಾರಿಯ ಇನ್ನೊಂದು ಕಥೆ ಮತ್ತೆ ಆ ಭಿಕ್ಷುಸಂಘದ್ದೇ. ಬುದ್ಧನ ಸಾರಥಿಯಾಗಿದ್ದ ಛನ್ನ ಭಿಕ್ಷುವಾದ ಮೇಲೂ ಗರ್ವ ಬಿಡಲಿಲ್ಲ, ಯಾರ ಬುದ್ಧಿಮಾತನ್ನೂ ಕೇಳಲಿಲ್ಲ. ಬುದ್ಧ ತನ್ನ ಕೊನೆಗಾಲದಲ್ಲಿ ಅವನಿಗೆ ಬ್ರಹ್ಮದಂಡ ವಿಧಿಸಿದ. ಇನ್ನು ಮೇಲೆ ಸಂಗಡಿಗರು ಅವನಿಗೆ ಬುದ್ಧಿ ಹೇಳುವುದೂ ಇಲ್ಲ, ಬಯ್ಯುವುದೂ ಇಲ್ಲ. ಆನಂದ ಹೋಗಿ ಇದನ್ನು ತಿಳಿಸಿದಾಗ ಛನ್ನ ಮೂರ್ಛೆ ಹೋದ. ಬೈಗುಳಕ್ಕೆ ಬಗ್ಗದವನನ್ನು, ತನ್ನನ್ನು ಇನ್ನು ತಿದ್ದುವವರಿಲ್ಲ ಎಂಬ ಸುದ್ದಿ ಕೆಡವಿತು. ಆಮೇಲೆ ಒಂಟಿಯಾಗಿ ಸಾಧನೆಗೆ ಕೂತು ಅರ್ಹಂತನಾದ. ಆನಂದನ ಬಳಿ ಬಂದು ದಂಡ ತೆಗೆಯಿರಿ ಎಂದು ಬೇಡಿದಾಗ ಆನಂದ, ನೀನು ಅರಿವು ಪಡೆದ ಗಳಿಗೆಯಲ್ಲೇ ದಂಡ ತಾನಾಗಿ ಬಿದ್ದುಹೋಯಿತು ಎಂದ. ದಂಡದ ಆಯುಷ್ಯ ತಪ್ಪಿನ ಆಯುಷ್ಯಕ್ಕಿಂತ ಒಂದು ದಿನವೂ ಹೆಚ್ಚಿರಬಾರದು ಎಂದು ನಾನು ಇದರಿಂದ ಕಲಿತೆ.

ಕೊಯಮತ್ತೂರಿನ ಹುಡುಗನ ಮುಂದಿನ ಕಥೆ ನಿಮಗೆ ಗೊತ್ತು. ಹತ್ತು ತಿಂಗಳ ನಂತರ, 2023ರ ಜುಲೈಯಲ್ಲಿ, ಡೊಮಿನಿಕಾದಲ್ಲಿ ಮೊದಲ ಟೆಸ್ಟ್ ಆಡಿದ ಜೈಸ್ವಾಲ್ 171 ರನ್ ಮಾಡಿದರು. ಆ ತಂಡದ ಉಪನಾಯಕ ಅಜಿಂಕ್ಯ ರಹಾನೆ. ಹೊರಗೆ ಕಳಿಸಿದವನೂ ಹೊರಗೆ ಹೋದವನೂ ಒಂದೇ ಡ್ರೆಸಿಂಗ್ ರೂಮಿನಲ್ಲಿದ್ದರು.

ಕೊನೆಯ ಮಾತು

ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ, ಪರಸ್ಥಳದಲ್ಲಿ ನಾವು ಕಟ್ಟಿಕೊಳ್ಳುವ ಸಂಘಗಳಲ್ಲಿ ನಾವೆಲ್ಲ ಒಂದಲ್ಲ ಒಂದು ತಂಡದವರೇ. ನಮ್ಮವನೊಬ್ಬ ದಾರಿ ತಪ್ಪಿದಾಗ ತಿದ್ದುವ ಹಕ್ಕು ನಮಗೆ ವಯಸ್ಸಿನಿಂದಲೋ ಪದವಿಯಿಂದಲೋ ಬರುವುದಿಲ್ಲ. ಅವನಿಲ್ಲದ ಜಾಗವನ್ನು ನಾವು ಓಡಿ ತುಂಬಲು ಸಿದ್ಧರಿದ್ದರೆ, ಅವನ ಸೋಲು ನಮ್ಮ ಸೋಲೆಂದು ಕಟ್ಟೆಯ ಮೇಲೆ ಒಪ್ಪಿಕೊಳ್ಳಲು ಸಿದ್ಧರಿದ್ದರೆ, ಮರುದಿನ ಅವನ ಕದ ತಟ್ಟಲು ಸಿದ್ಧರಿದ್ದರೆ, ಆಗ ಆ ಹಕ್ಕು ಬರುತ್ತದೆ.

ಪವಾರಣೆಯ ಬಗ್ಗೆ ಒಂದು ಮಾತನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. ಆ ದಿನ ಮೊದಲು ಕೈಮುಗಿದು ನನ್ನ ತಪ್ಪು ಹೇಳಿ ಎಂದು ಕೇಳಬೇಕಾದವನು ಸಂಘದ ಅತಿ ಹಿರಿಯ ಭಿಕ್ಷು. ಕಿರಿಯರ ಸರದಿ ಆಮೇಲೆ. ಇಂದು ಈ ವೇದಿಕೆಯ ಮೇಲೆ ಮಾತಿನ ಹಿರಿತನವನ್ನು ನೀವು ನನಗೆ ಕೊಟ್ಟಿದ್ದೀರಿ. ಆದ್ದರಿಂದ ನನ್ನಿಂದಲೇ ಶುರುವಾಗಲಿ. ಈ ಒಂದು ಗಂಟೆಯಲ್ಲಿ ನನ್ನ ಮಾತಿನಲ್ಲಿ ತಪ್ಪನ್ನು ಕಂಡಿದ್ದರೆ, ಕೇಳಿದ್ದರೆ, ಸಂಶಯ ಬಂದಿದ್ದರೆ, ದಯವಿಟ್ಟು ಹೇಳಿ. ಕೇಳಿ, ತಿದ್ದಿಕೊಂಡು ಊರಿಗೆ ಹೋಗುತ್ತೇನೆ.